ಅಮೆರಿಕದಲ್ಲಿ ಆಫ್ಟರ್‌ಸ್ಕೂಲ್ ಕೇಂದ್ರ ನಡೆಸಲು ಸರ್ಕಾರದ ಅನುದಾನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಎಷ್ಟೋ ಶಾಲೆಗಳು ಮಧ್ಯಾಹ್ನ ಮೂರರ ಹೊತ್ತಿಗೆ ಬಿಡುತ್ತವೆ. ಅಪ್ಪ ಅಮ್ಮ ಕೆಲಸ ಮುಗಿಸಿ ಮನೆ ಸೇರುವಾಗ ಆರು ದಾಟಿರುತ್ತದೆ. ಆ ಮೂರು ಗಂಟೆ ಮಕ್ಕಳನ್ನು ಒಂದು ಕಡೆ ಕೂರಿಸಿ, ಹೋಮ್‌ವರ್ಕ್ ಮಾಡಿಸಿ, ಆಟ ಆಡಿಸಿ, ಹೊಸದೇನಾದರೂ ಕಲಿಸುವ ಕೇಂದ್ರ ತೆರೆಯಬೇಕು ಅಂತ ಅಲ್ಲಿರುವ ನಮ್ಮ ಜನರಲ್ಲೂ ಹಲವರಿಗೆ ಆಸೆ ಇದೆ. 'ಸರ್ಕಾರ ದುಡ್ಡು ಕೊಡುತ್ತದಂತೆ, ಹೌದಾ?' ಅನ್ನುವುದು ಅವರ ಮೊದಲ ಪ್ರಶ್ನೆ. ಕೊಡುತ್ತದೆ. ಆದರೆ ಯಾರಿಗೆ, ಹೇಗೆ, ಯಾವ ಷರತ್ತಿನ ಮೇಲೆ ಅನ್ನುವುದರಲ್ಲೇ ಎಲ್ಲ ಇದೆ.

## ಯಾವುದು ಈ ಅನುದಾನ?

ಹೆಸರು ಉದ್ದ: ಟ್ವೆಂಟಿಫಸ್ಟ್ ಸೆಂಚುರಿ ಕಮ್ಯುನಿಟಿ ಲರ್ನಿಂಗ್ ಸೆಂಟರ್ಸ್. ಈ ಕೆಲಸದಲ್ಲಿರುವವರು ಸಿಸಿಎಲ್‌ಸಿ ಅನ್ನುತ್ತಾರೆ, ನಾವೂ ಹಾಗೇ ಅನ್ನೋಣ. ಆಫ್ಟರ್‌ಸ್ಕೂಲ್, ಬಿಫೋರ್‌ಸ್ಕೂಲ್ ಮತ್ತು ಬೇಸಿಗೆ ಕಲಿಕೆಗೆ ಅಂತಲೇ ಫೆಡರಲ್ ಸರ್ಕಾರ, ಅಂದರೆ ಅಮೆರಿಕದ ಕೇಂದ್ರ ಸರ್ಕಾರ, ಮೀಸಲಿಡುವ ದೊಡ್ಡ ದುಡ್ಡು ಇದೊಂದೇ. 1994ರ ಕಾನೂನಿನಲ್ಲಿ ಇದು ಹುಟ್ಟಿತು. 1998ರಲ್ಲಿ ಆಫ್ಟರ್‌ಸ್ಕೂಲ್ ಕಡೆ ತಿರುಗಿದಾಗ ಇದಕ್ಕೆ ಸಿಕ್ಕಿದ್ದು 4 ಕೋಟಿ ಡಾಲರ್. 2002ಕ್ಕೆ 100 ಕೋಟಿ ಆಯಿತು. 2024ರ ಬಜೆಟ್ ವರ್ಷದಲ್ಲಿ ಸುಮಾರು 133 ಕೋಟಿ ಡಾಲರ್ ಇತ್ತು.

ಈಗ ಇದು ನಡೆಯುತ್ತಿರುವುದು 2015ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಒಬಾಮಾ ಸಹಿ ಹಾಕಿದ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಆಕ್ಟ್ ಪ್ರಕಾರ. ಅದರಲ್ಲಿ ಟೈಟಲ್ ಫೋರ್, ಪಾರ್ಟ್ ಬಿ ಅನ್ನುವ ಭಾಗ. ಅರ್ಜಿ ಹಾಕುವವರು ಆ ಭಾಗವನ್ನು ಒಂದು ಸಲವಾದರೂ ಪೂರ್ತಿ ಓದಬೇಕು. ಕೆಲವೇ ಪುಟ ಇದೆ, ಭಾಷೆಯೂ ಅಷ್ಟೇನು ಕಷ್ಟ ಇಲ್ಲ.

## ಗ್ರಾಂಟ್ಸ್ ಡಾಟ್ ಗವ್‌ನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಯಾಕೆ?

ಅದು ಫೆಡರಲ್ ಅನುದಾನಗಳ ವೆಬ್‌ಸೈಟ್, ಇದನ್ನು ಅಲ್ಲಿ ಹುಡುಕಬಾರದು, ಅದಕ್ಕೆ. ಫೆಡರಲ್ ಶಿಕ್ಷಣ ಇಲಾಖೆ ಈ ದುಡ್ಡನ್ನು ಸಂಸ್ಥೆಗಳಿಗೆ ನೇರವಾಗಿ ಕೊಡುವುದಿಲ್ಲ. ಒಂದು ಲೆಕ್ಕದ ಪ್ರಕಾರ ರಾಜ್ಯಗಳಿಗೆ ಹಂಚುತ್ತದೆ. ಬಡ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಹೋಗುವ ಟೈಟಲ್ ಒನ್ ದುಡ್ಡಿನಲ್ಲಿ ಒಂದು ರಾಜ್ಯಕ್ಕೆ ಎಷ್ಟು ಪಾಲು ಇದೆಯೋ, ಇದರಲ್ಲೂ ಹೆಚ್ಚು ಕಮ್ಮಿ ಅಷ್ಟೇ ಪಾಲು. ರಾಜ್ಯ ತನ್ನ ಆಡಳಿತಕ್ಕೆ ಶೇ 2ರವರೆಗೆ, ತರಬೇತಿ ಮತ್ತು ಮೇಲ್ವಿಚಾರಣೆಗೆ ಶೇ 5ರವರೆಗೆ ಇಟ್ಟುಕೊಳ್ಳಬಹುದು. ಉಳಿದ ಶೇ 93 ಊರುಗಳಿಗೆ ಹೋಗಲೇಬೇಕು.

ಆ ಉಳಿದದ್ದನ್ನು ಹಂಚಲು ರಾಜ್ಯ ತನ್ನದೇ ಸ್ಪರ್ಧೆ ಕರೆಯುತ್ತದೆ. ಹಾಗಾಗಿ ನೀವು ನೋಡಬೇಕಾದ್ದು ನಿಮ್ಮ ರಾಜ್ಯದ ಶಿಕ್ಷಣ ಇಲಾಖೆಯ ವೆಬ್‌ಸೈಟ್. ಹೆಸರು ಬೇರೆ ಇರಬಹುದು, ಹುಷಾರು. ಟೆಕ್ಸಾಸ್‌ನಲ್ಲಿ ಇದೇ ಕಾರ್ಯಕ್ರಮಕ್ಕೆ ಟೆಕ್ಸಾಸ್ ಏಸ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್ ಭಾಗಕ್ಕೆ ಅಸೆಟ್ಸ್ ಅಂತ ಬೇರೆ ಹೆಸರು.

ಇನ್ನೊಂದು ವಿಷಯ. ಸ್ಪರ್ಧೆಯನ್ನು ಪ್ರತಿ ವರ್ಷ ಕರೆಯಲೇಬೇಕು ಅಂತ ಇಲ್ಲ. ಹಳೆಯ ಅನುದಾನಗಳು ಇನ್ನೂ ನಡೆಯುತ್ತಿದ್ದರೆ ಹೊಸಬರಿಗೆ ಕೊಡಲು ದುಡ್ಡೇ ಉಳಿದಿರುವುದಿಲ್ಲ. ರಾಜ್ಯದ ಕಚೇರಿಗೆ ಒಂದು ಇಮೇಲ್ ಹಾಕಿ 'ಮುಂದಿನ ಸ್ಪರ್ಧೆ ಯಾವಾಗ?' ಅಂತ ಕೇಳಿ. ಇದಕ್ಕಾಗಿಯೇ ಅಲ್ಲಿ ಅಧಿಕಾರಿಗಳಿರುತ್ತಾರೆ. 50 ರಾಜ್ಯಗಳಲ್ಲೂ ಆಫ್ಟರ್‌ಸ್ಕೂಲ್ ನೆಟ್‌ವರ್ಕ್ ಅನ್ನುವ ಒಕ್ಕೂಟಗಳೂ ಇವೆ. ಅವರ ಮೇಲಿಂಗ್ ಪಟ್ಟಿಗೆ ಸೇರಿಕೊಂಡರೆ ಸುದ್ದಿ ತಾನಾಗಿ ಬರುತ್ತದೆ.

## ನಮ್ಮದು ಚಿಕ್ಕ ಸಂಘ. ನಾವೂ ಅರ್ಜಿ ಹಾಕಬಹುದಾ?

ಹಾಕಬಹುದು. ಸ್ಕೂಲ್ ಡಿಸ್ಟ್ರಿಕ್ಟ್ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ), ಸಮುದಾಯದ ಸಂಘ ಸಂಸ್ಥೆ, ಮೂಲನಿವಾಸಿ ಬುಡಕಟ್ಟುಗಳು ಮತ್ತು ಅವರ ಸಂಸ್ಥೆಗಳು, ಬೇರೆ ಸರ್ಕಾರಿ ಅಥವಾ ಖಾಸಗಿ ಸಂಸ್ಥೆ, ಇಲ್ಲವೇ ಇವುಗಳಲ್ಲಿ ಕೆಲವು ಸೇರಿ ಮಾಡಿಕೊಂಡ ಕೂಟ: ಯಾರಿಗೂ ಬಾಗಿಲು ಮುಚ್ಚಿಲ್ಲ. ಈ ಕೆಲಸದಲ್ಲಿ ಹಳೆಯ ಅನುಭವ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಯಶಸ್ವಿಯಾಗಿ ನಡೆಸಬಲ್ಲಿರಿ ಅನ್ನುವುದಕ್ಕೆ ಆಧಾರ ತೋರಿಸಿದರೂ ಆಗುತ್ತದೆ ಅಂತ ಕಾನೂನೇ ಹೇಳುತ್ತದೆ.

ಆದರೆ ಹಾಕಬಹುದು ಅನ್ನುವುದಕ್ಕೂ ಗೆಲ್ಲುವುದಕ್ಕೂ ತುಂಬಾ ದೂರ. ಟೈಟಲ್ ಒನ್ ದುಡ್ಡು ಪಡೆಯುವ ಡಿಸ್ಟ್ರಿಕ್ಟ್ ಮತ್ತು ಒಂದು ಸಂಸ್ಥೆ ಜೊತೆಯಾಗಿ ಹಾಕಿದ ಅರ್ಜಿಗೆ ರಾಜ್ಯ ಆದ್ಯತೆ ಕೊಡಬೇಕು. ಸ್ಪರ್ಧೆಯಲ್ಲಿ ಈ ಆದ್ಯತೆಯ ಅಂಕಗಳು ದೊಡ್ಡವು. ಒಂಟಿಯಾಗಿ ಹಾಕುವವರು ಓಟ ಶುರುವಾಗುವ ಮೊದಲೇ ಹಿಂದೆ ನಿಂತಂತೆ. ನನ್ನನ್ನು ಕೇಳಿದರೆ, ಸಂಘ ಚಿಕ್ಕದಾಗಿದ್ದರೆ ಮೊದಲ ಸಲ ಡಿಸ್ಟ್ರಿಕ್ಟ್ ಅಥವಾ ದೊಡ್ಡ ಸಂಸ್ಥೆಯ ಅರ್ಜಿಯಲ್ಲಿ ಪಾಲುದಾರರಾಗಿ ಸೇರಿಕೊಳ್ಳಿ. ಲೆಕ್ಕಪತ್ರದ ಹೊರೆ ಅವರ ಮೇಲಿರುತ್ತದೆ, ನೀವು ಕೆಲಸ ಕಲಿಯುತ್ತೀರಿ.

## ಯಾವ ಶಾಲೆಯ ಮಕ್ಕಳಿಗೆ ಇದು?

ಕಷ್ಟದಲ್ಲಿರುವ ಶಾಲೆಗಳಿಗೆ. ಕಲಿಕೆಯಲ್ಲಿ ಹಿಂದೆ ಬಿದ್ದಿದ್ದು ರಾಜ್ಯವೇ ಸುಧಾರಣೆಗೆ ಗುರುತಿಸಿದ ಶಾಲೆಗಳು, ಫೇಲಾಗುವ ಅಥವಾ ಶಾಲೆ ಬಿಡುವ ಅಪಾಯ ಇರುವ ಮಕ್ಕಳು: ಆದ್ಯತೆ ಇವರಿಗೆ. ಬಡತನ ಹೆಚ್ಚಿರುವ ಶಾಲೆ, ಓದು ಬರಹದಲ್ಲಿ ಹಿಂದಿರುವ ಶಾಲೆ ಅಂತ ಕಾನೂನಿನಲ್ಲೇ ಇದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ನಮ್ಮವರು ಮನೆ ಕೊಳ್ಳುವಾಗಲೇ 'ಒಳ್ಳೆ ಸ್ಕೂಲ್ ಡಿಸ್ಟ್ರಿಕ್ಟ್' ನೋಡಿ ಕೊಳ್ಳುತ್ತಾರೆ, ಅಲ್ವಾ? ಆ ಶಾಲೆಗಳಿಗೆ ಈ ದುಡ್ಡು ಬರುವುದು ತೀರಾ ಅಪರೂಪ. ನಿಮ್ಮ ಮಕ್ಕಳು ಓದುವ ಶಾಲೆಯಲ್ಲೇ ಕೇಂದ್ರ ತೆರೆಯಬೇಕು ಅನ್ನುವ ಯೋಚನೆ ಇದ್ದರೆ ಬೇರೆ ದಾರಿ ನೋಡಿ. ಹತ್ತು ಮೈಲಿ ಆಚೆಯ, ಯಾರೂ ಮನೆ ಹುಡುಕದ ಡಿಸ್ಟ್ರಿಕ್ಟ್‌ನ ಮಕ್ಕಳಿಗಾಗಿ ದುಡಿಯಲು ಸಿದ್ಧರಿದ್ದರೆ ಮುಂದೆ ಓದಿ.

## ಹಾಗಾದರೆ ಮೊದಲ ಹೆಜ್ಜೆ ಯಾವುದು? ಅರ್ಜಿ ಬರೆಯುವುದಾ?

ಅಲ್ಲ. ಪ್ರಿನ್ಸಿಪಾಲರನ್ನು ಕಾಣುವುದು.

ಸ್ಪರ್ಧೆ ಕರೆದ ಮೇಲೆ ಅರ್ಜಿ ಹಾಕಲು ಸಿಗುವುದು ಕೆಲವೇ ವಾರ. ಆಗ ಹೋಗಿ 'ನಮಸ್ಕಾರ, ನಾವು ಇಂಥ ಸಂಘದವರು, ಇಲ್ಲೊಂದು ಸಹಿ ಬೇಕು' ಅಂದರೆ ಯಾರೂ ಸಹಿ ಹಾಕುವುದಿಲ್ಲ. ಹಾಕಿದರೂ ಅದು ಕಾಗದದ ಸ್ನೇಹ. ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷ ಮೊದಲೇ ಶುರು ಮಾಡಿ. ಪ್ರಿನ್ಸಿಪಾಲರನ್ನು ಕೇಳಬೇಕಾದ ಪ್ರಶ್ನೆಗಳು ಸರಳ. ಮೂರು ಗಂಟೆಯ ಮೇಲೆ ನಿಮ್ಮ ಮಕ್ಕಳು ಎಲ್ಲಿ ಹೋಗುತ್ತಾರೆ? ಯಾವ ತರಗತಿಯಲ್ಲಿ ಓದು ಸೊರಗಿದೆ? ಯಾವ ದಿನ ಹಾಜರಿ ಬೀಳುತ್ತದೆ? ಸಂಜೆ ಆರರವರೆಗೆ ಕಟ್ಟಡ ತೆರೆದಿಟ್ಟರೆ ಕಾವಲು, ಕ್ಲೀನಿಂಗ್ ಯಾರದ್ದು? ಜಿಮ್ ಯಾರ ಕೈಲಿದೆ?

ಕೊನೆಯ ಎರಡು ಪ್ರಶ್ನೆ ಸಣ್ಣವು ಅನಿಸಬಹುದು. ಕಾರ್ಯಕ್ರಮಗಳು ಎಡವುವುದು ಅಲ್ಲೇ. ಬಾಸ್ಕೆಟ್‌ಬಾಲ್ ಸೀಸನ್ ಬಂದರೆ ಜಿಮ್ ಟೀಮಿಗೆ ಹೋಗುತ್ತದೆ. ನಿಮ್ಮ ಮಕ್ಕಳು ಕೆಫೆಟೀರಿಯಾದಲ್ಲಿ ಕೂರಬೇಕು. ಅಲ್ಲಿ ಐದಕ್ಕೆ ನೆಲ ತೊಳೆಯಲು ಬರುತ್ತಾರೆ. ಇದನ್ನೆಲ್ಲ ಒಪ್ಪಂದದ ಕಾಗದದಲ್ಲಿ ಮೊದಲೇ ಬರೆಸಿಕೊಳ್ಳಿ.

## ಎಷ್ಟು ದುಡ್ಡು, ಎಷ್ಟು ವರ್ಷ?

ವರ್ಷಕ್ಕೆ 50,000 ಡಾಲರ್‌ಗಿಂತ ಕಡಿಮೆ ಅನುದಾನ ಕೊಡುವಂತಿಲ್ಲ. ಮೇಲ್ಮಿತಿಯನ್ನು ಆಯಾ ರಾಜ್ಯ ಹೇಳುತ್ತದೆ. ಅವಧಿ ಕನಿಷ್ಠ 3 ವರ್ಷ, ಹೆಚ್ಚೆಂದರೆ 5. ಚೆನ್ನಾಗಿ ನಡೆಸಿದವರಿಗೆ ನವೀಕರಿಸಲು ರಾಜ್ಯಕ್ಕೆ ಅಧಿಕಾರ ಇದೆ, ಕಡ್ಡಾಯ ಇಲ್ಲ.

50,000 ಅಂದರೆ ತುಂಬಾ ಅನಿಸುತ್ತದೆ. ಲೆಕ್ಕ ಹಾಕಿ ನೋಡೋಣ. 60 ಮಕ್ಕಳು ಅಂದುಕೊಳ್ಳಿ. 15 ಮಕ್ಕಳಿಗೆ ಒಬ್ಬರಂತೆ 4 ಜನ ಬೇಕು. ದಿನಕ್ಕೆ ಮೂರೂವರೆ ಗಂಟೆ, ವರ್ಷಕ್ಕೆ 180 ದಿನ, ಗಂಟೆಗೆ 20 ಡಾಲರ್. ಒಟ್ಟು 2,520 ಗಂಟೆ, 50,400 ಡಾಲರ್. ಅಲ್ಲಿಗೆ ಕನಿಷ್ಠ ಅನುದಾನ ಮುಗಿಯಿತು! ಕೇಂದ್ರವನ್ನು ನೋಡಿಕೊಳ್ಳುವ ಸೈಟ್ ಕೋಆರ್ಡಿನೇಟರ್ ಸಂಬಳ, ಸಂಜೆಯ ಬಸ್ಸು, ಇನ್ಶೂರೆನ್ಸ್, ಸಾಮಾನು, ಮೌಲ್ಯಮಾಪನ ಯಾವುದೂ ಇನ್ನೂ ಬಂದಿಲ್ಲ.

ಬಸ್ಸಿನ ವಿಷಯ ವಿಶೇಷವಾಗಿ ನೋಡಿ. ಮಕ್ಕಳು ಕೇಂದ್ರಕ್ಕೆ ಹೇಗೆ ಬರುತ್ತಾರೆ, ಮನೆಗೆ ಸುರಕ್ಷಿತವಾಗಿ ಹೇಗೆ ಹೋಗುತ್ತಾರೆ ಅಂತ ಅರ್ಜಿಯಲ್ಲಿ ಬರೆಯಲೇಬೇಕು. 'ಪೋಷಕರು ಕರೆದೊಯ್ಯುತ್ತಾರೆ' ಅಂತ ಒಂದು ಸಾಲು ಬರೆದು ಬಿಟ್ಟರೆ ಆಗುವುದಿಲ್ಲ. ಕಾರಿಲ್ಲದ ಮನೆಯ ಮಗು ನವೆಂಬರ್ ಕತ್ತಲಲ್ಲಿ ಹೇಗೆ ಹೋಗಬೇಕು? ಆ ಮಗುವಿಗಾಗಿಯೇ ತಾನೆ ಈ ದುಡ್ಡು.

## ಅನುದಾನ ಮಂಜೂರಾದ ತಕ್ಷಣ ದುಡ್ಡು ಅಕೌಂಟಿಗೆ ಬೀಳುತ್ತದಾ?

ಇದನ್ನು ಮೊದಲೇ ಕೇಳಿದವರು ಜಾಣರು. ಹಲವು ರಾಜ್ಯಗಳಲ್ಲಿ ಇದು ಮರುಪಾವತಿ ಅನುದಾನ. ನೀವು ಮೊದಲು ಖರ್ಚು ಮಾಡಬೇಕು, ರಸೀದಿ ಮತ್ತು ಸಂಬಳದ ದಾಖಲೆ ಇಟ್ಟು ಬಿಲ್ ಕಳಿಸಬೇಕು, ಆಮೇಲೆ ದುಡ್ಡು ಬರುತ್ತದೆ.

ಇದರ ಅರ್ಥ ಏನು? ಸೆಪ್ಟೆಂಬರ್ ಸಂಬಳ ನೀವು ಸೆಪ್ಟೆಂಬರ್‌ನಲ್ಲೇ ಕೊಡಬೇಕು. ಬಿಲ್ ಅಕ್ಟೋಬರ್‌ನಲ್ಲಿ ಹೋಗುತ್ತದೆ. ಅದನ್ನು ನೋಡಿ ದುಡ್ಡು ಬಿಡುಗಡೆ ಮಾಡುವಷ್ಟರಲ್ಲಿ ಮುಂದಿನ ಸಂಬಳದ ದಿನ ಬಂದಿರುತ್ತದೆ. ಕೈಯಲ್ಲಿ ಎರಡು ಮೂರು ತಿಂಗಳ ಖರ್ಚಿನಷ್ಟು ದುಡ್ಡು, ಇಲ್ಲವೇ ಬ್ಯಾಂಕಿನ ಸಾಲದ ಮಿತಿ ಇಲ್ಲದ ಸಂಘ ಅನುದಾನ ಗೆದ್ದೂ ಮುಳುಗಬಹುದು. ನನ್ನ ಮಟ್ಟಿಗೆ ಚಿಕ್ಕ ಸಂಘಗಳಿಗೆ ಇದು ಅರ್ಜಿಗಿಂತ ದೊಡ್ಡ ತಡೆ. ಡಿಸ್ಟ್ರಿಕ್ಟ್ ಮುಂದೆ ನಿಂತು ಲೆಕ್ಕ ನೋಡಿಕೊಂಡರೆ ಈ ತಲೆನೋವು ಅರ್ಧಕ್ಕರ್ಧ ಕಡಿಮೆ. ಮುಂಗಡ ಕೊಡುವ ರಾಜ್ಯಗಳೂ ಇರುವುದರಿಂದ, ಅರ್ಜಿ ಹಾಕುವವರಿಗೆ ರಾಜ್ಯ ನಡೆಸುವ ಮಾಹಿತಿ ಸಭೆಯಲ್ಲಿ ಮೊದಲ ಪ್ರಶ್ನೆಯಾಗಿ ಇದನ್ನೇ ಕೇಳಿ.

## ಯಾವುದಕ್ಕೆ ಖರ್ಚು ಮಾಡಬಹುದು, ಯಾವುದಕ್ಕೆ ಬಾರದು?

ಮಾಡಬಹುದಾದ ಪಟ್ಟಿ ಉದಾರವಾಗಿದೆ. ಟ್ಯೂಟರಿಂಗ್, ವಿಜ್ಞಾನ ಮತ್ತು ಕಂಪ್ಯೂಟರ್, ಸಂಗೀತ, ಚಿತ್ರಕಲೆ, ವ್ಯಾಯಾಮ, ಪೌಷ್ಟಿಕ ಆಹಾರದ ಪಾಠ, ಕೌನ್ಸೆಲಿಂಗ್, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗೆ ಸಹಾಯ, ಅಂಗವಿಕಲ ಮಕ್ಕಳಿಗೆ ಬೇಕಾದ ವ್ಯವಸ್ಥೆ, ಗ್ರಂಥಾಲಯವನ್ನು ಹೆಚ್ಚು ಹೊತ್ತು ತೆರೆದಿಡುವುದು, ಡ್ರಗ್ಸ್ ಮತ್ತು ಹಿಂಸೆ ತಡೆಯುವ ಕೆಲಸ, ಉದ್ಯೋಗಕ್ಕೆ ತಯಾರಿ, ಎಲ್ಲವೂ ಇವೆ. ಮಕ್ಕಳ ಮನೆಯವರಿಗೂ ಪಾಲಿದೆ: ಓದು ಬರಹ ಕಲಿಸುವ ತರಗತಿ, ಮಕ್ಕಳನ್ನು ಬೆಳೆಸುವ ಬಗ್ಗೆ ಕಾರ್ಯಾಗಾರ. ಹಾಗಂತ ಎಲ್ಲವನ್ನೂ ಅರ್ಜಿಯಲ್ಲಿ ತುರುಕಬೇಡಿ. ನಾಲ್ಕು ಕೆಲಸ ಚೆನ್ನಾಗಿ ಮಾಡುತ್ತೇವೆ ಅನ್ನುವ ಅರ್ಜಿಯನ್ನು ಅದಕ್ಕೆ ಅಂಕ ಹಾಕುವ ಓದುಗರು ನಂಬುತ್ತಾರೆ. ಹದಿನಾಲ್ಕು ಅಂದರೆ ಹುಬ್ಬೇರಿಸುತ್ತಾರೆ.

ಮಾಡಬಾರದ್ದರಲ್ಲಿ ಮುಖ್ಯವಾದದ್ದು ಒಂದು. ಈ ದುಡ್ಡು ಈಗಾಗಲೇ ಇರುವ ದುಡ್ಡಿಗೆ ಮೇಲೆ ಸೇರಬೇಕು, ಅದರ ಜಾಗಕ್ಕೆ ಬರಬಾರದು. ಡಿಸ್ಟ್ರಿಕ್ಟ್ ಹೋದ ವರ್ಷ ತನ್ನ ದುಡ್ಡಿನಲ್ಲಿ ನಡೆಸಿದ ಹೋಮ್‌ವರ್ಕ್ ಕ್ಲಬ್ಬನ್ನು ಈ ವರ್ಷ ಇದರಲ್ಲಿ ನಡೆಸಿ ಆ ದುಡ್ಡನ್ನು ಬೇರೆ ಕಡೆ ಹಾಕಿದರೆ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತದೆ. ಬರೀ ಮನರಂಜನೆಗೂ ದುಡ್ಡಿಲ್ಲ. ಮ್ಯೂಸಿಯಂ ಪ್ರವಾಸಕ್ಕೆ ಪಾಠದ ಜೊತೆ ನಂಟು ತೋರಿಸಿದರೆ ಸರಿ. ವಾಟರ್ ಪಾರ್ಕಿಗೆ ಅದೇ ನಂಟು ತೋರಿಸಲು ಹೋಗಬೇಡಿ. ಕಟ್ಟಡ ಕಟ್ಟುವ ಆಸೆಯನ್ನೂ ಬಿಡಿ.

ಆಫೀಸ್ ಬಾಡಿಗೆ, ಅಕೌಂಟೆಂಟ್ ಮುಂತಾದ ಪರೋಕ್ಷ ಖರ್ಚಿಗೂ ಮಿತಿ ಇದೆ. ಫೆಡರಲ್ ಅನುದಾನಗಳಲ್ಲಿ ಸುಮ್ನೆ ಶೇ 15 ಹಾಕಿಕೊಳ್ಳಬಹುದು ಅಂತ 2024ರ ಅಕ್ಟೋಬರ್‌ನಿಂದ ನಿಯಮ ಬಂದಿದೆ ನಿಜ. ಅದನ್ನು ನೋಡಿ ಇಲ್ಲೂ ಹಾಕಲು ಹೋಗಬೇಡಿ. ಇದಕ್ಕೆ ಅನ್ವಯಿಸುವುದು ನಿರ್ಬಂಧಿತ ದರ, ಅಂದರೆ ಇನ್ನೂ ಬಿಗಿಯಾದ ಮಿತಿ. ಸರ್ಕಾರದ ಒಪ್ಪಿಗೆ ಪಡೆದ ದರ ಇಲ್ಲದ ಸಂಸ್ಥೆಗೆ ಅದು ಶೇ 8 ದಾಟುವುದಿಲ್ಲ.

## ಮಕ್ಕಳ ತಿಂಡಿಗೆ?

ತಿಂಡಿಗೆ ಬೇರೆ ಇಲಾಖೆ ಇದೆ: ಕೃಷಿ ಇಲಾಖೆ. ಅದರ ಚೈಲ್ಡ್ ಅಂಡ್ ಅಡಲ್ಟ್ ಕೇರ್ ಫುಡ್ ಪ್ರೋಗ್ರಾಂನಲ್ಲಿ ಆಫ್ಟರ್‌ಸ್ಕೂಲ್ ಮಕ್ಕಳಿಗೆ ಅಂತಲೇ ಒಂದು ಭಾಗ ಇದೆ. ಆ ಶಾಲೆಯ ವ್ಯಾಪ್ತಿಯಲ್ಲಿ ಅರ್ಧದಷ್ಟಾದರೂ ಮಕ್ಕಳು ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾಗಿದ್ದರೆ ಸಾಕು. ಪ್ರತಿ ಮಗುವಿಗೆ ದಿನಕ್ಕೆ ಒಂದು ಊಟ, ಒಂದು ತಿಂಡಿಯ ದುಡ್ಡು ಮರಳಿ ಬರುತ್ತದೆ. ಶಾಲೆಯ ಅಡುಗೆಮನೆಯವರು ಇದನ್ನು ಆಗಲೇ ನಡೆಸುತ್ತಿರಬಹುದು, ಮೊದಲು ಅವರನ್ನು ಕೇಳಿ. ಕಲಿಕೆಯ ದುಡ್ಡನ್ನು ಬಿಸ್ಕತ್ತಿಗೆ ಸುರಿಯುವುದು ಬುದ್ಧಿವಂತಿಕೆ ಅಲ್ಲ. ಸುರಿಯಲು ರಾಜ್ಯ ಬಿಡುವುದೂ ಕಷ್ಟ.

## ಕನ್ನಡ ಕೂಟದ ವಾರಾಂತ್ಯದ ತರಗತಿಗೆ ಈ ದುಡ್ಡು ಸಿಗುತ್ತದಾ? ದೇವಸ್ಥಾನದಲ್ಲಿ ನಡೆಸಬಹುದಾ?

ನಮ್ಮ ಮಕ್ಕಳಿಗೆ ನಮ್ಮ ಭಾಷೆ ಕಲಿಸುವ ತರಗತಿಗೆ ಇದು ಹೊಂದುವುದಿಲ್ಲ. ವಾರಾಂತ್ಯ ಆಗಬಾರದು ಅಂತ ಅಲ್ಲ, ಶಾಲೆ ಇಲ್ಲದ ಯಾವ ಹೊತ್ತಾದರೂ ಸರಿ. ಆದರೆ ಕಷ್ಟದಲ್ಲಿರುವ ಶಾಲೆಯ ಮಕ್ಕಳು, ಓದಿನಲ್ಲಿ ಸುಧಾರಣೆ, ಹಗಲಿನ ಪಾಠದ ಜೊತೆ ನಂಟು, ಇವು ಮೂರೂ ಬೇಕು. ಕೂಟದವರು ಅಂಥ ಶಾಲೆಯ ಕೇಂದ್ರಕ್ಕೆ ಹೋಗಿ ವಾರಕ್ಕೊಂದು ದಿನ ಯಕ್ಷಗಾನದ ಹೆಜ್ಜೆ ಕಲಿಸುತ್ತೇವೆ, ಗಣಿತದ ಕ್ಲಬ್ ನಡೆಸುತ್ತೇವೆ ಅಂದರೆ ಚೆನ್ನಾಗಿ ಹೊಂದುತ್ತದೆ. ಸಾಂಸ್ಕೃತಿಕ ಕಾರ್ಯಕ್ರಮ ಕಾನೂನಿನ ಪಟ್ಟಿಯಲ್ಲೇ ಇದೆ. ಸ್ವಯಂಸೇವಕರನ್ನು, ಅದರಲ್ಲೂ ಹಿರಿಯರನ್ನು, ಬಳಸಿಕೊಳ್ಳಲು ಕಾನೂನು ಉತ್ತೇಜನ ಕೊಡುತ್ತದೆ. ಊರಿನಿಂದ ಬಂದು ನೆಲೆಸಿರುವ ನಿವೃತ್ತ ಮೇಷ್ಟ್ರುಗಳು ನಮ್ಮಲ್ಲಿ ಕಡಿಮೆಯೇ? ಅವರ ಹಿನ್ನೆಲೆ ಪರಿಶೀಲನೆ ಮಾತ್ರ ಮಾಡಿಸಲೇಬೇಕು.

ಧಾರ್ಮಿಕ ಸಂಸ್ಥೆಗಳೂ ಅರ್ಜಿ ಹಾಕಬಹುದು. ಪೂಜೆ, ಧರ್ಮಬೋಧೆಗೆ ಒಂದು ಡಾಲರ್ ಕೂಡ ಹೋಗಬಾರದು. ಧರ್ಮ ನೋಡಿ ಮಕ್ಕಳನ್ನು ಸೇರಿಸಿಕೊಳ್ಳುವುದು, ಬಿಡುವುದು ನಡೆಯುವುದಿಲ್ಲ. ಶಾಲೆಯ ಹೊರಗೆ ನಡೆಸುವುದಾದರೆ ಆ ಜಾಗ ಶಾಲೆಯಷ್ಟೇ ಸುಲಭವಾಗಿ ಸಿಗುವಂತಿರಬೇಕು, ಸುರಕ್ಷಿತವಾಗಿರಬೇಕು.

## ಪೋಷಕರಿಂದ ಫೀಸ್ ತಗೋಬಹುದಾ?

ರಾಜ್ಯ ಒಪ್ಪಿದರೆ, ಆದಾಯ ನೋಡಿ ಏರಿಳಿಯುವ ಸಣ್ಣ ಫೀಸ್ ತೆಗೆದುಕೊಳ್ಳಬಹುದು. ಫೀಸ್ ಕೊಡಲಾಗದ ಮಗುವನ್ನು ಹೊರಗಿಡುವಂತಿಲ್ಲ. ಬಂದ ದುಡ್ಡು ಅದೇ ಕಾರ್ಯಕ್ರಮಕ್ಕೆ ಹೋಗಬೇಕು. ಬಹುಪಾಲು ಕೇಂದ್ರಗಳಿಗೆ ನಾನು ಹೇಳುವುದು, ಬೇಡ. ಸಿಗುವ ದುಡ್ಡಿಗಿಂತ ಲೆಕ್ಕ ಇಡುವ ಕೆಲಸವೇ ಜಾಸ್ತಿ.

## ನಮ್ಮ ಪಾಲು ಅಂತ ದುಡ್ಡು ಹಾಕಬೇಕಾ?

ಕೆಲವು ರಾಜ್ಯಗಳು ಕೇಳುತ್ತವೆ. ಕೇಳಿದರೂ ಅದು ಅನುದಾನದ ಮೊತ್ತವನ್ನು ಮೀರುವಂತಿಲ್ಲ, ಬಡ ಸಮುದಾಯಕ್ಕೆ ಕಡಿಮೆ ಇರಬೇಕು. ನಗದೇ ಆಗಬೇಕೆಂದಿಲ್ಲ. ಶಾಲೆ ಕೊಡುವ ಕೋಣೆ, ಸ್ವಯಂಸೇವಕರ ಸಮಯ, ದಾನ ಬಂದ ಲ್ಯಾಪ್‌ಟಾಪ್ ಎಲ್ಲಕ್ಕೂ ಬೆಲೆ ಕಟ್ಟಿ ತೋರಿಸಬಹುದು. ಬೆಲೆ ಕಟ್ಟಿದ್ದು ಹೇಗೆ ಅನ್ನುವ ಕಾಗದ ಫೈಲಿನಲ್ಲಿರಲಿ.

## ಅರ್ಜಿಯಲ್ಲಿ ಓದುಗರು ಏನು ನೋಡುತ್ತಾರೆ?

ಅರ್ಜಿಗೆ ಅಂಕ ಹಾಕುವವರು ರಾಜ್ಯ ಕರೆಸಿದ ಹೊರಗಿನ ಓದುಗರು. ಅವರ ಮುಂದೆ ಒಂದು ಅಂಕಪಟ್ಟಿ ಇರುತ್ತದೆ. ಅದನ್ನು ರಾಜ್ಯ ಸಾಮಾನ್ಯವಾಗಿ ಅರ್ಜಿಯ ಜೊತೆಗೇ ಪ್ರಕಟಿಸುತ್ತದೆ. ಅದರ ತಲೆಬರಹಗಳನ್ನೇ ನಿಮ್ಮ ಅರ್ಜಿಯ ತಲೆಬರಹ ಮಾಡಿಕೊಳ್ಳಿ, ಅದೇ ಕ್ರಮದಲ್ಲಿ. ಹತ್ತಾರು ಅರ್ಜಿ ಓದಿ ದಣಿದವರಿಗೆ ಉತ್ತರ ಹುಡುಕುವ ಕೆಲಸ ಕೊಡಬೇಡಿ.

ಅಗತ್ಯ ಏನು ಅನ್ನುವ ಭಾಗದಲ್ಲಿ ಬಹಳ ಜನ ದೇಶದ ಕಥೆ ಹೇಳುತ್ತಾರೆ. 2020ರ ಅಮೆರಿಕಾ ಆಫ್ಟರ್ 3ಪಿಎಂ ಸಮೀಕ್ಷೆ ಪ್ರಕಾರ ಜಾಗ ಸಿಕ್ಕರೆ ಸೇರುವ ಮಕ್ಕಳು 2.46 ಕೋಟಿ, ಒಳಗಿರುವ ಪ್ರತಿ ಮಗುವಿಗೆ ಹೊರಗೆ ಮೂವರು ಕಾಯುತ್ತಿದ್ದಾರೆ, ಇತ್ಯಾದಿ. ನಿಜವೇ. ಆದರೆ ಓದುಗರಿಗೆ ಅದು ಗೊತ್ತು, ಎಲ್ಲ ಅರ್ಜಿಯಲ್ಲೂ ಅದೇ ಇರುತ್ತದೆ. ಅವರಿಗೆ ಬೇಕಾದ್ದು ನಿಮ್ಮ ಶಾಲೆಯ ಕಥೆ. ಮೂರನೇ ತರಗತಿಯಲ್ಲಿ ಓದಲು ತಡವರಿಸುವ ಮಕ್ಕಳು ಎಷ್ಟು? ಈ ಶಾಲೆಯ ಸುತ್ತ ಮೂರರಿಂದ ಆರರವರೆಗೆ ಬೇರೆ ಯಾವ ಕೇಂದ್ರ ಇದೆ? ಪೋಷಕರನ್ನು ಕೇಳಿದಾಗ ಏನಂದರು?

ಹಾಗೆಯೇ 'ಮಕ್ಕಳ ಸರ್ವಾಂಗೀಣ ಅಭಿವೃದ್ಧಿ ಸಾಧಿಸುತ್ತೇವೆ' ಅನ್ನುವ ಸಾಲು ಸಭೆಗೆ ಚೆನ್ನ, ಅರ್ಜಿಗಲ್ಲ. 'ಸೋಮವಾರದಿಂದ ಗುರುವಾರ 3:15ಕ್ಕೆ ತಿಂಡಿ, 3:35ರಿಂದ ಹೋಮ್‌ವರ್ಕ್, 4:20ಕ್ಕೆ ಐದೈದು ಮಕ್ಕಳ ಗುಂಪಿನಲ್ಲಿ ಓದು, ಹಗಲಿನ ಟೀಚರ್ ಕೊಟ್ಟ ಪಟ್ಟಿಯ ಪ್ರಕಾರ' ಅಂತ ಬರೆದರೆ ಓದುವವರ ಕಣ್ಣಿಗೆ ಕೋಣೆ ಕಾಣುತ್ತದೆ.

ಬಜೆಟ್ ಮತ್ತು ವಿವರಣೆ ಹೊಂದಬೇಕು. ವಿವರಣೆಯಲ್ಲಿ ರೊಬಾಟಿಕ್ಸ್ ಇದೆ, ಬಜೆಟ್‌ನಲ್ಲಿ ಕಿಟ್ ಇಲ್ಲ. ಬಜೆಟ್‌ನಲ್ಲಿ ಎರಡು ಬಸ್ ಇದೆ, ವಿವರಣೆಯಲ್ಲಿ ಒಂದು. ಇಂಥ ಕಡೆ ಅಂಕ ಹೋಗುತ್ತದೆ. ಬರೆದವರಲ್ಲದ ಯಾರಾದರೂ ಎರಡನ್ನೂ ಪಕ್ಕಪಕ್ಕ ಇಟ್ಟು ಓದಲಿ.

ಎರಡು ಸಂಗತಿ ಮರೆಯುತ್ತಾರೆ. ಒಂದು, ಅರ್ಜಿ ಹಾಕುತ್ತಿದ್ದೇವೆ ಅಂತ ಸಮುದಾಯಕ್ಕೆ ಮೊದಲೇ ತಿಳಿಸಬೇಕು. ಹಾಕಿದ ಮೇಲೆ ಯಾರು ಕೇಳಿದರೂ ಓದಲು ಕೊಡಬೇಕು. ಇನ್ನೊಂದು, ಆ ಪ್ರದೇಶದ ಖಾಸಗಿ ಶಾಲೆಗಳ ಮಕ್ಕಳಿಗೂ ಸಮಾನ ಅವಕಾಶ ಇದೆ. ಆ ಶಾಲೆಗಳ ಜೊತೆ ಅರ್ಜಿಗೆ ಮುಂಚೆಯೇ ಮಾತಾಡಿ, ಮಾತಾಡಿದ್ದಕ್ಕೆ ಪತ್ರ ಇಟ್ಟುಕೊಳ್ಳಬೇಕು.

## ಗೆದ್ದ ಮೇಲೆ ಯಾವ ದಾಖಲೆ ಇಡಬೇಕು?

ಎಲ್ಲ ದಾಖಲೆ. ನಗಬೇಡಿ.

ಪ್ರತಿ ಮಗುವಿನ ಹಾಜರಿ, ಬಂದ ಹೊತ್ತು, ಹೋದ ಹೊತ್ತು, ಕರೆದೊಯ್ದವರ ಸಹಿ. ಈ ದುಡ್ಡಿನಿಂದ ಸಂಬಳ ಪಡೆಯುವವರು ಎಷ್ಟು ಹೊತ್ತು ಇದಕ್ಕೆ ದುಡಿದರು ಅನ್ನುವ ಲೆಕ್ಕ. ಹಗಲು ಪಾಠ ಮಾಡಿ ಸಂಜೆ ಇಲ್ಲಿಗೆ ಬರುವ ಟೀಚರ್ ಇದ್ದರೆ ಎರಡನ್ನೂ ಬೇರೆ ಬೇರೆ ತೋರಿಸಬೇಕು. ಕೊಂಡ ಸಾಮಾನುಗಳ ಪಟ್ಟಿ ಮತ್ತು ಅವು ಈಗ ಎಲ್ಲಿವೆ ಅನ್ನುವುದು. ವರ್ಷದಲ್ಲಿ ಎಲ್ಲ ಫೆಡರಲ್ ದುಡ್ಡು ಸೇರಿ 10 ಲಕ್ಷ ಡಾಲರ್ ಅಥವಾ ಹೆಚ್ಚು ಖರ್ಚಾದರೆ ಸಿಂಗಲ್ ಆಡಿಟ್ ಅನ್ನುವ ದೊಡ್ಡ ಆಡಿಟ್ ಕೂಡ ಇದೆ. ಮೊದಲು ಈ ಮಿತಿ 7.5 ಲಕ್ಷ ಇತ್ತು.

ಇದರ ಮೇಲೆ ಫಲಿತಾಂಶದ ಲೆಕ್ಕ. ಫೆಡರಲ್ ಇಲಾಖೆ ಐದು ಅಳತೆ ಕೇಳುತ್ತದೆ. 4ರಿಂದ 8ನೇ ತರಗತಿಯವರ ರಾಜ್ಯ ಪರೀಕ್ಷೆಯ ಪ್ರಗತಿ. 7, 8 ಮತ್ತು 10ರಿಂದ 12ನೇ ತರಗತಿಯವರಲ್ಲಿ ಹಿಂದಿನ ವರ್ಷ ಗ್ರೇಡ್ ಸರಾಸರಿ 3.0ಕ್ಕಿಂತ ಕಡಿಮೆ ಇದ್ದವರು ಸುಧಾರಿಸಿದರಾ. ಹಿಂದಿನ ವರ್ಷ ಹಾಜರಿ ಶೇ 90 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಹೆಚ್ಚು ಬರುತ್ತಿದ್ದಾರಾ. ಶಾಲೆಯೊಳಗಿನ ಸಸ್ಪೆನ್ಶನ್ ಇಳಿಯಿತಾ. 1ರಿಂದ 5ನೇ ತರಗತಿಯವರು ಪಾಠದಲ್ಲಿ ಎಷ್ಟು ತೊಡಗುತ್ತಾರೆ ಅಂತ ಟೀಚರ್ ಏನು ಹೇಳುತ್ತಾರೆ.

ಈಗ ಗಮನಿಸಿ, ಈ ಐದರಲ್ಲಿ ಒಂದು ಅಂಕಿಯೂ ನಿಮ್ಮ ಕೈಲಿಲ್ಲ. ಮೊದಲ ನಾಲ್ಕು ಡಿಸ್ಟ್ರಿಕ್ಟ್‌ನ ಕಂಪ್ಯೂಟರ್‌ನಲ್ಲಿವೆ, ಐದನೆಯದು ಟೀಚರ್ ಹೇಳಬೇಕು. ಮಕ್ಕಳ ದಾಖಲೆಗೆ 1974ರ ಫೆರ್ಪಾ ಕಾನೂನಿನ ಕಾವಲಿದೆ, ಕೇಳಿದ ತಕ್ಷಣ ಕೊಡುವಂತಿಲ್ಲ. ಮಾಹಿತಿ ಹಂಚಿಕೆಯ ಒಪ್ಪಂದ ಮತ್ತು ಪೋಷಕರ ಒಪ್ಪಿಗೆ ಫಾರಂ ಮೊದಲ ದಿನವೇ ಸಿದ್ಧ ಇರಬೇಕು. ಮಗುವನ್ನು ಸೇರಿಸುವ ಫಾರಂನಲ್ಲೇ ಆ ಒಪ್ಪಿಗೆಯ ಸಾಲು ಇರಲಿ. ಮೇ ತಿಂಗಳಲ್ಲಿ 60 ಮನೆಗೆ ಫೋನ್ ಮಾಡುತ್ತಾ ಕೂರುವುದು ತಪ್ಪುತ್ತದೆ.

## ಯುಇಐ ಅಂತ ಕೇಳುತ್ತಿದ್ದಾರೆ. ಏನದು?

ಸಂಸ್ಥೆಗೆ ಫೆಡರಲ್ ಸರ್ಕಾರ ಕೊಡುವ ಗುರುತಿನ ಸಂಖ್ಯೆ. 2022ರ ಏಪ್ರಿಲ್‌ನಲ್ಲಿ ಹಳೆಯ ಡನ್ಸ್ ನಂಬರ್ ಜಾಗಕ್ಕೆ ಬಂತು. ಸ್ಯಾಮ್ ಡಾಟ್ ಗವ್ ಅನ್ನುವ ಸರ್ಕಾರಿ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. 'ನಾವು ಮಾಡಿಸಿಕೊಡುತ್ತೇವೆ, ಇಷ್ಟು ಕೊಡಿ' ಅಂತ ಬರುವ ಇಮೇಲ್‌ಗಳನ್ನು ಅಳಿಸಿಬಿಡಿ. 'ನಿಮಗೆ ಸರ್ಕಾರದ ಗ್ರಾಂಟ್ ಬಂದಿದೆ, ಪ್ರೊಸೆಸಿಂಗ್ ಫೀ ಕಟ್ಟಿ' ಅನ್ನುವ ಫೋನ್ ಶುದ್ಧ ಮೋಸ.

## ಅರ್ಜಿ ಬರೆಯಲು ಯಾರನ್ನಾದರೂ ಗೊತ್ತು ಮಾಡಬೇಕಾ?

ಬೇಕಿದ್ದರೆ ಮಾಡಿ. ಗೆದ್ದರೆ ಇಷ್ಟು ಪರ್ಸೆಂಟ್ ಅನ್ನುವವರನ್ನು ಬಿಡಿ. ಈ ವೃತ್ತಿಯ ಸಂಘವೇ ಅದನ್ನು ಒಪ್ಪುವುದಿಲ್ಲ. ಅರ್ಜಿ ಬರೆಸಿದ ಖರ್ಚನ್ನು ಅನುದಾನದಿಂದ ತೆಗೆಯಲೂ ಆಗುವುದಿಲ್ಲ. ಹೊರಗಿನವರು ಬರೆದರೂ ದಿನಚರಿ ಮತ್ತು ಬಜೆಟ್ ಮಾತ್ರ ಕೇಂದ್ರ ನಡೆಸುವವರೇ ಬರೆಯಬೇಕು. ಇಲ್ಲದಿದ್ದರೆ ಗೆದ್ದ ಮೇಲೆ ಗೊತ್ತಾಗುತ್ತದೆ, ವಾರಕ್ಕೆ ಆರು ದಿನ ತೆರೆಯುತ್ತೇವೆ ಅಂತ ಯಾರೋ ಮಾತು ಕೊಟ್ಟಿದ್ದಾರೆ ಅಂತ.

## ಈ ದುಡ್ಡನ್ನು ನಂಬಬಹುದಾ? ನಿಲ್ಲಿಸಿಬಿಟ್ಟರೆ?

2025ರಲ್ಲಿ ಆದದ್ದು ನೆನಪಿರಲಿ. ಜುಲೈ 1ಕ್ಕೆ ರಾಜ್ಯಗಳಿಗೆ ಸಿಗಬೇಕಿದ್ದ ಶಿಕ್ಷಣದ ಸುಮಾರು 680 ಕೋಟಿ ಡಾಲರನ್ನು ಫೆಡರಲ್ ಸರ್ಕಾರ ತಡೆಹಿಡಿಯಿತು. ಅದರಲ್ಲಿ ಸಿಸಿಎಲ್‌ಸಿ ದುಡ್ಡೂ ಇತ್ತು. ಬೇಸಿಗೆ ಶಿಬಿರಗಳು ಆಗಲೇ ನಡೆಯುತ್ತಿದ್ದವು. ಎರಡು ಪಕ್ಷದವರಿಂದಲೂ ಒತ್ತಡ ಬಂದ ಮೇಲೆ ಆ ತಿಂಗಳ ಮೂರನೇ ವಾರದಲ್ಲಿ ಆಫ್ಟರ್‌ಸ್ಕೂಲ್ ಭಾಗ ಬಿಡುಗಡೆಯಾಯಿತು. ದುಡ್ಡು ಬಂತು. ಆದರೆ ಆ ಕೆಲವು ವಾರ ಸಂಬಳ ಹೇಗೆ ಕೊಡುವುದು ಅನ್ನುವ ಚಿಂತೆ ಕೇಂದ್ರ ನಡೆಸುವವರದ್ದಾಗಿತ್ತು. ಕೊರೋನಾ ಕಾಲದ 2021ರ ಪರಿಹಾರ ದುಡ್ಡಿನಲ್ಲಿ ಶುರುವಾದ ಕಾರ್ಯಕ್ರಮಗಳಿಗೂ 2024ರ ಸೆಪ್ಟೆಂಬರ್ ಗಡುವು ಬಂದಾಗ ಇದೇ ಪಾಡು.

ಹಾಗಾಗಿ ಒಂದೇ ಕಂಬದ ಮೇಲೆ ಚಪ್ಪರ ಹಾಕಬೇಡಿ. ಅನುದಾನ ಮುಗಿದ ಮೇಲೆ ಹೇಗೆ ನಡೆಸುತ್ತೀರಿ ಅಂತ ಅರ್ಜಿಯಲ್ಲೂ ಕೇಳುತ್ತಾರೆ. ರಾಜ್ಯದ ಸ್ವಂತ ದುಡ್ಡು ಇದೆಯಾ ನೋಡಿ. ಕ್ಯಾಲಿಫೋರ್ನಿಯಾ ಇದರಲ್ಲಿ ಬಹಳ ಮುಂದೆ. 2002ರಲ್ಲಿ ಮತದಾರರೇ ಒಪ್ಪಿದ ಪ್ರೊಪೊಸಿಷನ್ 49ರಿಂದ ಅಲ್ಲಿ ವರ್ಷಕ್ಕೆ 55 ಕೋಟಿ ಡಾಲರ್ ಖಾತರಿಯಾಯಿತು, ಆಮೇಲೆ ಬೆಳೆಯಿತು. 2021ರಲ್ಲಿ ಶುರುವಾದ ಎಕ್ಸ್‌ಪ್ಯಾಂಡೆಡ್ ಲರ್ನಿಂಗ್ ಕಾರ್ಯಕ್ರಮಕ್ಕೆ ಈಗ ವರ್ಷಕ್ಕೆ 400 ಕೋಟಿ ಡಾಲರ್ ಆಸುಪಾಸು ಹೋಗುತ್ತದೆ, ಇಡೀ ದೇಶದ ಸಿಸಿಎಲ್‌ಸಿ ದುಡ್ಡಿನ ಸುಮಾರು ಮೂರು ಪಟ್ಟು. ಆ ದುಡ್ಡು ಶಾಲೆಗಳ ಕೈಗೆ ಹೋಗುತ್ತದೆ, ಸಂಘಗಳು ಅವರ ಜೊತೆ ಒಪ್ಪಂದ ಮಾಡಿಕೊಂಡು ಕೆಲಸ ಮಾಡುತ್ತವೆ. ಅಲ್ಲಿರುವವರು ಮೊದಲು ಆ ಬಾಗಿಲು ತಟ್ಟುವುದೇ ಮೇಲು.

## ನಾನು ಬರೀ ಪೋಷಕಿ. ನನ್ನ ಮಗುವಿನ ಫೀಸಿಗೆ ಏನಾದರೂ ಸಿಗುತ್ತದಾ?

ಈ ಅನುದಾನ ವ್ಯಕ್ತಿಗಳಿಗೆ ಬರುವುದಿಲ್ಲ. ಆದಾಯ ಕಡಿಮೆ ಇದ್ದರೆ ರಾಜ್ಯದ ಚೈಲ್ಡ್ ಕೇರ್ ಸಬ್ಸಿಡಿ ಕೇಳಿ, ಅದು ಸಾಮಾನ್ಯವಾಗಿ 13 ತುಂಬದ ಮಕ್ಕಳಿಗೆ ಆಫ್ಟರ್‌ಸ್ಕೂಲ್‌ಗೂ ಆಗುತ್ತದೆ. ಕೆಲಸದ ಕಡೆ ಡಿಪೆಂಡೆಂಟ್ ಕೇರ್ ಖಾತೆ ಇದ್ದರೆ ಮಕ್ಕಳನ್ನು ನೋಡಿಕೊಳ್ಳುವ ಖರ್ಚಿಗೆ ಅಂತ ಸಂಬಳದಿಂದ ತೆರಿಗೆ ಇಲ್ಲದೆ ದುಡ್ಡು ಎತ್ತಿಡಬಹುದು. ಅದರ ವರ್ಷದ ಮಿತಿ 2026ರಿಂದ 5,000 ಡಾಲರ್ ಬದಲು 7,500 ಆಗಿದೆ. ನಿಮ್ಮ ಶಾಲೆಯಲ್ಲೇ ಸಿಸಿಎಲ್‌ಸಿ ಕೇಂದ್ರ ಇದೆಯಾ ಅಂತ ಆಫೀಸಿನಲ್ಲಿ ಕೇಳಿ. ಇದ್ದರೆ ಹೆಚ್ಚಾಗಿ ಪುಕ್ಕಟೆ.

## ಅರ್ಜಿ ಹಾಕಿದೆವು, ಸಿಗಲಿಲ್ಲ. ಈಗ?

ಓದುಗರು ಹಾಕಿದ ಅಂಕ ಮತ್ತು ಟಿಪ್ಪಣಿ ಕಳಿಸಿ ಅಂತ ರಾಜ್ಯಕ್ಕೆ ಬರೆಯಿರಿ. ಮೂವರಲ್ಲಿ ಇಬ್ಬರು ಒಂದೇ ಕಡೆ ಅಂಕ ಕಡಿದಿದ್ದರೆ ಅದು ನಿಜವಾದ ದೋಷ. ಒಬ್ಬರೇ ಕಡಿದಿದ್ದರೆ ಅಲ್ಲಿ ಬರವಣಿಗೆ ಸ್ಪಷ್ಟವಿಲ್ಲ ಅಂತ ತಿಳಿಯಿರಿ. ನಿಯಮ ಮೀರಿ ಅಂಕ ಹಾಕಿದ್ದಾರೆ ಅನಿಸಿದರೆ ಮೇಲ್ಮನವಿಗೆ ದಾರಿ ಇದೆ, ಗಡುವು ತೀರಾ ಚಿಕ್ಕದು. ಬರೀ ಬೇಜಾರಿಗೆ ಮೇಲ್ಮನವಿ ಹಾಕಿದರೆ ಸಮಯ ವ್ಯರ್ಥ.

ಆಮೇಲೆ ಇನ್ನೊಂದು ಕೆಲಸ ಮಾಡಿ: ಓದುಗರಾಗಲು ಹೆಸರು ಕೊಡಿ. ಶಿಕ್ಷಣ, ಮಕ್ಕಳ ಕೆಲಸದಲ್ಲಿ ಅನುಭವ ಇರುವವರನ್ನು ರಾಜ್ಯಗಳು ಹುಡುಕುತ್ತಲೇ ಇರುತ್ತವೆ. ಹತ್ತು ಅರ್ಜಿಗೆ ಅಂಕ ಹಾಕಿ ನೋಡಿದರೆ ಹನ್ನೊಂದನೆಯದನ್ನು ಹೇಗೆ ಬರೆಯಬೇಕು ಅಂತ ಯಾವ ಕಾರ್ಯಾಗಾರಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ನೀವು ಅರ್ಜಿ ಹಾಕಿರುವ ಸ್ಪರ್ಧೆಗೆ ನೀವೇ ಓದುಗರಾಗುವಂತಿಲ್ಲ. ಅರ್ಜಿ ಹಾಕದ ವರ್ಷ, ಇಲ್ಲವೇ ಪಕ್ಕದ ರಾಜ್ಯಕ್ಕೆ ಹೆಸರು ಕೊಟ್ಟರಾಯಿತು.